ಸಂಗ್ಯಾ ಬಾಳ್ಯಾ: ಒಂದು ಹಬ್ಬದ ಆಟ



ನಾಟಕವೆಂದೊಡನೆ ನಮ್ಮಂಥ ಓದುಬರಹ ಬಲ್ಲ ಪಟ್ಟಣಿಗರ ಕಣ್ಣಮುಂದೆ ನಿಲ್ಲುವುದು ಪರದೆ, ಬಣ್ಣದ ದೀಪ, ಟಿಕೇಟು, ಸಾಲುಗಟ್ಟಿದ ಕುರ್ಚಿ. ಬೈಲಹೊಂಗಲ, ಸವದತ್ತಿ, ಕಿತ್ತೂರುಗಳ ಕಡೆಯ ಹಳ್ಳಿಗರಿಗೆ ಆಟವೆಂದರೆ ಇದಾವುದೂ ಅಲ್ಲ. ಸುಗ್ಗಿ ಮುಗಿದು, ಕಾಳು ಮನೆ ಸೇರಿ, ಊರ ದೇವರ ಜಾತ್ರೆಯೊ ಹುಣ್ಣಿಮೆಯೊ ಬಂದಾಗ, ಗುಡಿಯ ಮುಂದಿನ ಬಯಲಿನಲ್ಲಿ ಬೆಳಗಿನವರೆಗೆ ನಡೆಯುವುದೇ ಆಟ. ಪುರಾಣದ ವೀರರು ಕಿರೀಟ ಭುಜಕೀರ್ತಿಗಳನ್ನು ಧರಿಸಿ ಕುಣಿಯುವುದು ದೊಡ್ಡಾಟ. ನಮ್ಮ ನಿಮ್ಮಂಥವರು ನಿತ್ಯದ ಉಡುಪಿನಲ್ಲಿ ಬಂದು ತಮ್ಮ ಸುಖದುಃಖಗಳನ್ನು ಹಾಡಿ ಆಡುವುದು ಸಣ್ಣಾಟ. ಈ ಸಣ್ಣಾಟಗಳಲ್ಲಿ ಬಹು ಹೆಸರಾದದ್ದು ‘ಸಂಗ್ಯಾ ಬಾಳ್ಯಾ’. ಅದರಲ್ಲಿ ಬರುವ ಜನರ ಮನೋಧರ್ಮವನ್ನೂ, ಅದನ್ನು ನೋಡುವವರ ಮನಸ್ಸನ್ನೂ ಕುರಿತು ಈ ಹೊತ್ತು ನಾಲ್ಕು ಮಾತು.

ಕಥೆ ಪುರಾಣದ್ದಲ್ಲ. ಬೈಲಹೊಂಗಲದಲ್ಲಿ ನಡೆದುಹೋದ ಒಂದು ಕೊಲೆಯೇ ಅದಕ್ಕೆ ಮೂಲ. ಅದನ್ನು ಆಟವಾಗಿ ಕಟ್ಟಿದವರು ಪತ್ತಾರ ಮಾಸ್ತರರೆಂದು ಪ್ರಸಿದ್ಧಿ. ಬಾಯಿಂದ ಬಾಯಿಗೆ ಸಾಗಿಬಂದ ಅದನ್ನು ಮುಂದೆ ಡಾ. ಚಂದ್ರಶೇಖರ ಕಂಬಾರರು ಸಂಪಾದಿಸಿ ಓದುಗರ ಕೈಗಿತ್ತರು. ಕಥೆ ಇಷ್ಟೆ: ಮರಡಿ ಬಸವಣ್ಣನ ಜಾತ್ರೆಯಲ್ಲಿ ಸಂಗ್ಯಾ ಎಂಬ ಉಳ್ಳವರ ಮನೆಯ ತರುಣ ಈರ್ಯಾನ ಹೆಂಡತಿ ಗಂಗಿಯನ್ನು ಕಂಡು ಮರುಳಾಗುತ್ತಾನೆ. ಗೆಳೆಯ ಬಾಳ್ಯಾನ ನೆರವು ಬೇಡುತ್ತಾನೆ. ಪರಮ್ಮನೆಂಬ ಮುದುಕಿ ನಡುವೆ ಓಡಾಡುತ್ತಾಳೆ. ಗಂಡ ವ್ಯಾಪಾರಕ್ಕೆಂದು ಊರು ಬಿಟ್ಟಿರುವಾಗ ಗಂಗಿ ಸೋಲುತ್ತಾಳೆ. ತಿಳಿದ ಈರ್ಯಾ ಹಗೆ ತೊಡುತ್ತಾನೆ. ಕೊನೆಗೆ ಬಾಳ್ಯಾನೇ ಗೆಳೆಯನನ್ನು ಕೈಬಿಟ್ಟು ಹಗೆಗಳ ಕಡೆ ಸೇರುತ್ತಾನೆ, ಸಂಗ್ಯಾನ ಕೊಲೆಯಾಗುತ್ತದೆ.

ಕೆಲವು ವರ್ಷಗಳ ಹಿಂದೆ, ಕಾಲೇಜಿನ ರಜೆಯಲ್ಲಿ, ನಾವು ಸವದತ್ತಿಯ ಬಳಿಯ ಹಳ್ಳಿಯೊಂದರಲ್ಲಿ ನೆಂಟರ ಮನೆಗೆ ಹೋಗಿದ್ದಾಗ ಈ ಆಟವನ್ನು ಮೊದಲ ಸಲ ನೋಡಿದೆವು. ಮರುದಿನ ನೆಂಟರು ನಮ್ಮನ್ನು ನವಿಲುತೀರ್ಥಕ್ಕೆ ಕರೆದೊಯ್ದರು. ಮಲಪ್ರಭೆ ಗುಡ್ಡವನ್ನು ಸೀಳಿಕೊಂಡು ಹೊರಬೀಳುವ ಇಕ್ಕಟ್ಟಾದ ಕಣಿವೆ ಅದು. 1972ರಲ್ಲಿ ಮುಗಿದ ಅಣೆಕಟ್ಟಿನ ಹಿಂದೆ ಈಗ ರೇಣುಕಾಸಾಗರ ತುಂಬಿ ನಿಲ್ಲುತ್ತದೆ. ಎಲ್ಲಮ್ಮನ ಗುಡ್ಡದಿಂದ ಮರಳುತ್ತಿದ್ದ ಜನ ಅಲ್ಲಲ್ಲಿ ಬುತ್ತಿ ಬಿಚ್ಚಿಕೊಂಡು ಕುಳಿತಿದ್ದರು. ನಾವು, ರಾತ್ರಿಯ ನಿದ್ದೆಗೇಡಿನ ಬೇಸರವೂ ಸೇರಿ, “ದೇವರ ಜಾತ್ರೆಯಲ್ಲಿ, ಹೆಂಗಸರು ಮಕ್ಕಳ ಎದುರಿಗೆ, ಹಾದರದ ಈ ಕಥೆಯನ್ನೇಕೆ ಆಡಬೇಕು?” ಎಂದು ನೆಂಟರೊಡನೆ ವಾದಕ್ಕಿಳಿದೆವು. ಪಕ್ಕದಲ್ಲಿ ರೊಟ್ಟಿ ಮುರಿಯುತ್ತಿದ್ದ ಮುದುಕರೊಬ್ಬರು ಕೇಳಿಸಿಕೊಂಡು ನಕ್ಕರು.

“ಸರ, ಹಾದರದ ಆಟ ಆಗಿದ್ರ ‘ಸಂಗ್ಯಾ ಗಂಗಿ’ ಅಂತ ಹೆಸರಿಡತಿದ್ರು. ‘ಸಂಗ್ಯಾ ಬಾಳ್ಯಾ’ ಅಂತ ಯಾಕ ಇಟ್ರು, ವಿಚಾರ ಮಾಡ್ರಿ. ಇದು ಗೆಳೆತನದ ಆಟರಿ.”

ನಾವು ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಷೇಕ್ಸ್‌ಪಿಯರನ ‘ಒಥೆಲೋ’ ಪಾಠ ಹೇಳುವವರು. ಆದರೂ ಹೆಸರೊಂದನ್ನು ಹೀಗೆ ಓದಬೇಕೆಂಬುದು ನಮಗೆ ತೋರಿರಲಿಲ್ಲ.

ಮುದುಕರ ಮಾತನ್ನು ಹಿಡಿದು ನೋಡಿದರೆ ಪ್ರತಿಯೊಂದು ಪಾತ್ರವೂ ಬೇರೆಯಾಗಿ ಕಾಣುತ್ತದೆ. ನಾವು ನೋಡಿದ ಆಟದಲ್ಲಿ ಸಂಗ್ಯಾ ಮನಸ್ಸನ್ನು ತೋಡಿಕೊಂಡಾಗ ಬಾಳ್ಯಾ ಮೊದಲು ಬೆಚ್ಚಿದ, ಪರರ ಹೆಂಡತಿಯ ಗೊಡವೆ ಬೇಡವೆಂದ. ಗೆಳೆಯ ಮತ್ತೆ ಬೇಡಿದ, ಬಾಳ್ಯಾ ಒಪ್ಪಿದ. ಗಂಗಿಯೂ ಹಾಗೆಯೆ: ಮೊದಲು ಮುದುಕಿಯನ್ನು ಗದರಿಸಿ ಅಟ್ಟಿದಳು, ಮುದುಕಿ ಮರಳಿ ಬಂದಾಗ ದನಿ ಇಳಿಯಿತು. ಇವರಲ್ಲಿ ಯಾರೂ ಒಮ್ಮೆಗೇ ಕೆಟ್ಟವರಲ್ಲ. ಪ್ರತಿಯೊಬ್ಬರೂ ಒಂದು ಸಲ ‘ಬೇಡ’ವೆಂದವರೆ; ಎರಡನೆಯ ಸಲ ‘ಬೇಡ’ವೆನ್ನುವ ಬಲ ಅವರಿಗೆ ಸಾಲದೆ ಹೋಯಿತು. ಈರ್ಯಾನ ಕೋಪ ನ್ಯಾಯವಾದದ್ದೆಂದು ಸಭೆಯೆಲ್ಲ ಒಪ್ಪುತ್ತದೆ. ಆ ನ್ಯಾಯವೇ ಕೊಲೆಯಾಗಿ ತಿರುಗಿದಾಗ ಅದೇ ಸಭೆ ಕಣ್ಣೊರೆಸಿಕೊಳ್ಳುತ್ತದೆ.

ಸಣ್ಣಾಟದ ಕಟ್ಟೂ ಇದಕ್ಕೆ ಒದಗಿಬರುತ್ತದೆ. ಪಾತ್ರಧಾರಿ ಮೊದಲು ಹಾಡುತ್ತಾನೆ. ಹಾಡಿನ ಕೊನೆಯನ್ನು ಹಿಮ್ಮೇಳದವರು ದಪ್ಪು ತಾಳಗಳೊಡನೆ ಎತ್ತಿಕೊಳ್ಳುತ್ತಾರೆ. ಬಳಿಕ ಅದನ್ನೇ ಅವನು ಮಾತಿನಲ್ಲಿ ಆಡುತ್ತಾನೆ. ಹೀಗೆ ಒಂದೊಂದು ಬಯಕೆಯೂ ಎರಡು ಮೂರು ಸಲ ನಮ್ಮ ಕಿವಿಯ ಮೇಲೆ ಬೀಳುತ್ತದೆ. ಸಂಗ್ಯಾನ ಆಸೆ ಅವನೊಬ್ಬನದಾಗಿ ಉಳಿಯದೆ ಊರ ಬಾಯಲ್ಲೆಲ್ಲ ಆಡಿದಂತಾಗುತ್ತದೆ. ನೋಡುವವನು ಹೊರಗೆ ನಿಂತು ತೀರ್ಪು ಹೇಳಲಾರ.

ಇಯಾಗೋ ಎಂಬ ದ್ರೋಹಿಯನ್ನು ನೋಡಿ. ಅವನು ಒಥೆಲೋವಿನ ಹಗೆಯೆಂಬುದು ಮೊದಲ ದೃಶ್ಯದಲ್ಲಿಯೆ ನಮಗೆ ತಿಳಿಯುತ್ತದೆ. ಆದುದರಿಂದ ಅವನನ್ನು ಕಂಡು ಹೆದರಬಹುದು, ಅವನಲ್ಲಿ ನಮ್ಮನ್ನು ಕಾಣಬೇಕಾಗಿಲ್ಲ. ಬಾಳ್ಯಾನಾದರೋ ನಿಜವಾದ ಗೆಳೆಯ. ಅವನು ಏಕೆ ತಿರುಗಿಬಿದ್ದ? ಭಯದಿಂದಲೊ, ದುಡ್ಡಿನ ಆಸೆಯಿಂದಲೊ, ಮಾಡಿದ ತಪ್ಪಿನಿಂದ ಜಾರಿಕೊಳ್ಳುವ ಆತುರದಿಂದಲೊ? ಅಂದು ರಾತ್ರಿ ಸಂಗ್ಯಾ ಸಾವಿನ ಕಡೆ ನಡೆದಾಗ ಮುಂದೆ ಕುಳಿತಿದ್ದ ಹುಡುಗನೊಬ್ಬ, “ಹೋಗಬ್ಯಾಡೊ ಸಂಗ್ಯಾ!” ಎಂದು ಕೂಗಿಕೊಂಡ. ಯಾರೂ ನಗಲಿಲ್ಲ. ಕಿತ್ತೂರಿನ ರಾಣಿ ಚೆನ್ನಮ್ಮ 1829ರಲ್ಲಿ ಸೆರೆಯಲ್ಲಿ ತೀರಿಕೊಂಡದ್ದು ಇದೇ ಬೈಲಹೊಂಗಲದಲ್ಲಿ. ತನ್ನವರೇ ಹಿಡಿದುಕೊಟ್ಟ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ ಕಥೆಯನ್ನು ಇಂದಿಗೂ ಹಾಡುವ ಸೀಮೆ ಅದು. ನಂಬಿದವನ ಕೈಯಿಂದ ಬರುವ ಪೆಟ್ಟು ಎಂಥದೆಂದು ಆ ಜನಕ್ಕೆ ವಿವರಿಸಬೇಕಾಗಿಲ್ಲ.

ಇಲ್ಲಿ ನಮ್ಮದೇ ಒಂದು ಮಾತನ್ನು ಹೇಳದಿದ್ದರೆ ಈ ಭಾಷಣ ಬರಿಯ ಪಾಠವಾದೀತು. ನಮಗೊಬ್ಬ ಗೆಳೆಯನಿದ್ದ. ಹಲವರು ಅವನ ಕೈಯಲ್ಲಿ ನಂಬಿ ಇಟ್ಟಿದ್ದ ಹಣವನ್ನು ಅವನು ತನ್ನ ಕಷ್ಟಕ್ಕೆ ಬಳಸಿಕೊಂಡಾಗ, ಮೊದಲು ನಮಗೇ ಬಂದು ತಿಳಿಸಿದ. ಒಂದು ಸಲ ‘ತಪ್ಪು’ ಎಂದೆವು. ಅವನು ಬೇಡಿಕೊಂಡ, ಸುಮ್ಮನಾದೆವು. ಅದನ್ನೇ ಸ್ನೇಹವೆಂದುಕೊಂಡೆವು. ಕೆಲವು ತಿಂಗಳ ಮೇಲೆ ಗುಟ್ಟು ರಟ್ಟಾದಾಗ, ನಮಗೇನೂ ತಿಳಿಯದೆಂದು ಹೇಳಿ, ಎಲ್ಲರಿಗಿಂತ ಮೊದಲು ಅವನನ್ನು ಹಳಿದವರೂ ನಾವೇ. ಅವನು ಸಭೆಯಲ್ಲಿ ನಮ್ಮ ಮುಖವನ್ನು ಒಮ್ಮೆ ನೋಡಿದ, ಏನೂ ಹೇಳಲಿಲ್ಲ. ನವಿಲುತೀರ್ಥದಲ್ಲಿ ಆ ಮುದುಕರ ಮಾತು ಕಿವಿಗೆ ಬಿದ್ದಾಗ ನಮಗೆ ನೆನಪಾದದ್ದು ಆ ನೋಟ. ಆಟವನ್ನು ಹಾದರದ ಕಥೆಯೆಂದು ತಳ್ಳಿಹಾಕುವ ಆತುರ ನಮಗೇಕಿತ್ತೆಂಬುದೂ ಆಗ ತಿಳಿಯಿತು. ಹಾದರ ಇನ್ನೊಬ್ಬರ ತಪ್ಪು. ಬಾಳ್ಯಾನದು ನಮ್ಮ ತಪ್ಪು.

ಬಾಳ್ಯಾ ಎರಡು ಸಲ ಗೆಳೆತನವನ್ನು ಕೊಂದ. ತಡೆಯಬೇಕಾದಾಗ ತಡೆಯದೆ ಒಮ್ಮೆ, ಜೊತೆಗೆ ನಿಲ್ಲಬೇಕಾದಾಗ ನಿಲ್ಲದೆ ಇನ್ನೊಮ್ಮೆ. ಮೊದಲನೆಯದು ಪ್ರೀತಿಯ ವೇಷದಲ್ಲಿ ಬಂದಿತು, ಎರಡನೆಯದು ನ್ಯಾಯದ ವೇಷದಲ್ಲಿ. ಜಾತ್ರೆಯ ರಾತ್ರಿ ಊರಿಗೆ ಊರೇ ಕೂಡಿ ಕುಳಿತಾಗ ಈ ಆಟವನ್ನು ಏಕೆ ಆಡಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕೆ? ಒಬ್ಬರನ್ನೊಬ್ಬರು ನಂಬಿ ಬಾಳಬೇಕಾದವರೇ ಅಲ್ಲಿ ಮೈಗೆ ಮೈ ತಾಗಿಸಿ ಕುಳಿತಿರುತ್ತಾರೆ.

ಆ ಸೀಮೆಗೆ ಹೋದಾಗ, ಅವಕಾಶವಾದರೆ, ಈ ಆಟವನ್ನು ಬೆಳಗಿನವರೆಗೆ ಕುಳಿತು ನೋಡಿರಿ. ಗಂಗಿಯನ್ನು ಜರೆಯುವುದು ಸುಲಭ, ಅದು ಪಕ್ಕಕ್ಕಿರಲಿ. ಬಾಳ್ಯಾ ರಂಗಕ್ಕೆ ಬಂದಾಗ ಅವನ ಮುಖವನ್ನು ಚೆನ್ನಾಗಿ ನೋಡಿಕೊಳ್ಳಿರಿ. ಹಿಂದಿರುಗಿದ ಮೇಲೆ, ಕಾಗದ ಬರೆಯಬೇಕಾದ ಹಳೆಯ ಗೆಳೆಯನೊಬ್ಬ ನಿಮಗೂ ಇದ್ದರೆ, ಬರೆಯಿರಿ. ನಾವು ಬರೆದೆವು. ಉತ್ತರ ಬರಲು ಬಹಳ ದಿನ ಹಿಡಿಯಿತು, ಆದರೆ ಬಂದಿತು.