ಮನೆಯ ಬಾಗಿಲಿಗೆ ಬರುವ ಶುಶ್ರೂಷೆ
(ಶತಮಾನೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಶತಮಾನೋತ್ಸವದ ಈ ಸಂಭ್ರಮದಲ್ಲಿ ರೋಗದ ಮಾತನ್ನೆತ್ತುವುದು ಉಚಿತವೇ ಎಂಬ ಸಂಕೋಚ ನಮಗಿಲ್ಲದಿಲ್ಲ. ಆದರೆ ಹಬ್ಬದ ದಿನವೂ ಬಾಗಿಲು ಮುಚ್ಚಿಕೊಂಡೇ ಇರುವ ಮನೆಗಳುಂಟು. ಮನೆಮನೆಗೆ ಹೋಗುವ ದಾದಿಯರಾದ ನಾವು ಆ ಮನೆಗಳ ಪರವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳಬಯಸುತ್ತೇವೆ.

ಸ್ಕಿಜೋಫ್ರೇನಿಯಾ ಎಂಬ ಮನೋರೋಗವು ಜಗತ್ತಿನಲ್ಲಿ ಸುಮಾರು 300 ಮಂದಿಯಲ್ಲಿ ಒಬ್ಬರಿಗೆ ಇದೆಯೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಯಾರೂ ಆಡದ ಮಾತು ಕಿವಿಗೆ ಕೇಳಿಸುವುದು, ಆಧಾರವಿಲ್ಲದ ಸಂಶಯ, ಸ್ನಾನ ಊಟಗಳಲ್ಲಿಯೂ ನಿರಾಸಕ್ತಿ ಇದರ ಲಕ್ಷಣಗಳು. ಇದು ಮಾಟವಲ್ಲ, ಪಾಪದ ಫಲವಲ್ಲ, ಹೆತ್ತವರ ಸಾಕಣೆಯ ದೋಷವೂ ಅಲ್ಲ. 1950ರ ದಶಕದಲ್ಲಿ ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂದಂದಿನಿಂದ ಇದಕ್ಕೆ ಔಷಧವುಂಟು. ಪ್ರಾರ್ಥನೆ ಧೈರ್ಯ ಕೊಡುತ್ತದೆ, ನಿಜ. ಆದರೆ ಅದರ ಹೆಸರಿನಲ್ಲಿ ಮಾತ್ರೆಯನ್ನು ನಿಲ್ಲಿಸಲಾಗದು.

ಔಷಧ ದೊರೆಯುವುದು ಆಸ್ಪತ್ರೆಯಲ್ಲಿ. ರೋಗಿ ಬಾಳುವುದು ಮನೆಯಲ್ಲಿ. ಆದುದರಿಂದಲೇ ದಾದಿ ಮನೆಗೆ ಹೋಗಬೇಕಾಗುತ್ತದೆ. ಬೆಂಗಳೂರಿನಲ್ಲಿ ಎಸ್. ಪೈ ಮತ್ತು ಆರ್. ಎಲ್. ಕಪೂರ್ ಅವರು ನಡೆಸಿ 1983ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 27 ರೋಗಿಗಳಿಗೆ ಆಸ್ಪತ್ರೆಯಲ್ಲಿಯೂ, ಇನ್ನು 27 ಮಂದಿಗೆ ದಾದಿಯ ಭೇಟಿಯ ಮೂಲಕ ಮನೆಯಲ್ಲಿಯೂ ಚಿಕಿತ್ಸೆ ನೀಡಲಾಯಿತು. ಆರು ತಿಂಗಳ ಬಳಿಕ ನೋಡಿದಾಗ ಮನೆಯಲ್ಲಿದ್ದವರೇ ಹೆಚ್ಚು ಚೇತರಿಸಿಕೊಂಡಿದ್ದರು. ಕುಟುಂಬದ ಹೊರೆ ಇಳಿದಿತ್ತು, ಖರ್ಚೂ ಕಡಿಮೆಯಾಗಿತ್ತು.

ಮನೆಗೆ ಬಂದ ದಾದಿ ಮಾಡುವುದೇನು? ಮಾತ್ರೆ ಹೊಟ್ಟೆ ಸೇರುತ್ತಿದೆಯೇ ಎಂದು ವಿಚಾರಿಸುತ್ತಾಳೆ. ಕೈನಡುಕ, ಮೈಬಿಗಿತ, ಜೊಲ್ಲು ಸುರಿಯುವುದು ಮುಂತಾದ ತೊಂದರೆಗಳನ್ನು ಗುರುತಿಸಿ ವೈದ್ಯರಿಗೆ ತಿಳಿಸುತ್ತಾಳೆ. ನಿದ್ರೆಗೆಟ್ಟರೆ ರೋಗ ಮರುಕಳಿಸುವ ಸೂಚನೆಯಿರಬಹುದೆಂದು ಮನೆಯವರನ್ನು ಎಚ್ಚರಿಸುತ್ತಾಳೆ. ಕೇಳಿಸುವ ದನಿಯ ಬಗ್ಗೆ ವಾದಿಸದಿರಿ, ಗದರದಿರಿ, ಚಿಕ್ಕಪುಟ್ಟ ಕೆಲಸ ಕೊಡಿ ಎಂದು ಹೇಳಿಕೊಡುತ್ತಾಳೆ.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ವಿಧವೆ ತಾಯಿ ಮತ್ತು ಮೂವತ್ತರ ಮಗನಿದ್ದ ಮನೆಗೆ ನಾವು ತಿಂಗಳಿಗೆರಡು ಸಲ ಹೋಗುತ್ತಿದ್ದೆವು. ಮಗ ಮಾತ್ರೆ ನುಂಗಿದನೇ, ನಿದ್ರಿಸಿದನೇ ಎಂದು ಕೇಳಿ, ಪುಸ್ತಕದಲ್ಲಿ ಗುರುತು ಹಾಕಿ ಎದ್ದುಬಿಡುತ್ತಿದ್ದೆವು. ಒಂದು ದಿನ ಆ ತಾಯಿ ಹೊಸ್ತಿಲಲ್ಲಿ ನಿಂತು, "ಸಿಸ್ಟರ್, ಒಂದು ವರ್ಷದಿಂದ ಅವನ ನಿದ್ದೆ ವಿಚಾರಿಸಿದಿರಿ. ನನ್ನ ನಿದ್ದೆ ಒಂದು ದಿನವೂ ಕೇಳಲಿಲ್ಲವಲ್ಲ" ಎಂದರು. ಮಗ ರಾತ್ರಿ ಎದ್ದು ಹೋದಾನೆಂಬ ಭಯದಿಂದ ಅವರು ಬಾಗಿಲಿಗೆ ಅಡ್ಡಲಾಗಿ ಚಾಪೆ ಹಾಸಿ ಮಲಗುತ್ತಿದ್ದರು. ಸ್ವಂತ ತಂಗಿಯ ಮಗಳ ಮದುವೆಗೂ ಹೋಗಿರಲಿಲ್ಲ. ನಾವು ತಲೆ ತಗ್ಗಿಸಿದೆವು.

ಅಂದು ನಾವು ಮರಳಿ ಒಳಗೆ ಹೋಗಿ ಕುಳಿತೆವು. ಆಮೇಲೆ ನೆರೆಮನೆಯ ಹೆಂಗಸೊಬ್ಬರು ಭಾನುವಾರ ಬೆಳಿಗ್ಗೆ ಅವನ ಜತೆಗಿರಲು ಒಪ್ಪಿದರು. ಬಹುಕಾಲದ ನಂತರ ಆ ತಾಯಿ ಬಲಿಪೂಜೆಗೆ ಬಂದರು. ಮಗನಿಗೆ ಆ ದನಿಗಳು ಪೂರ್ತಿ ನಿಂತಿಲ್ಲ. ಆದರೂ ದಿನವೂ ಅಂಗಡಿಗೆ ಹೋಗಿ ಹಾಲು ತರುತ್ತಾನೆ. ಅವನಿಗೆ ನಮ್ಮ ಚಿಕಿತ್ಸೆ ಎಷ್ಟು ಉಪಕರಿಸಿತೋ ಆ ನೆರೆಯವರ ಎರಡು ಗಂಟೆಗಳೂ ಅಷ್ಟೇ ಉಪಕರಿಸಿದುವೆಂದು ನಾವು ನಂಬಿದ್ದೇವೆ.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿದೆ. ಸಮಾಜದ ನಡುವೆ ಬಾಳುವ ಹಕ್ಕನ್ನು ನೀಡಿದೆ. ಸಲಹೆಗಾಗಿ ಸರಕಾರದ ಟೆಲಿ ಮಾನಸ್ ಸೇವೆಗೆ 14416ರಲ್ಲಿ ಕರೆಮಾಡಬಹುದು. ಆದರೆ ಸಮಾಜದ ನಡುವೆ ಎಂದರೆ ನಮ್ಮ ನಿಮ್ಮ ನಡುವೆ ಎಂದೇ ಅರ್ಥವಲ್ಲವೇ?

ಆದುದರಿಂದ ನಮ್ಮ ಬಿನ್ನಹವಿಷ್ಟೇ. ನಿಮ್ಮ ಬೀದಿಯಲ್ಲಿ ಅಂಥ ಮನೆಯೊಂದಿದ್ದರೆ, ಹಬ್ಬದ ಊಟದ ಪಾಲನ್ನು ಕಳುಹಿಸಿ ಸುಮ್ಮನಾಗದಿರಿ. ನೀವೇ ಹೋಗಿ, ಕುಳಿತು, ರೋಗಿಯನ್ನು ಹೆಸರು ಹಿಡಿದು ಮಾತನಾಡಿಸಿರಿ. ಹೊರಡುವ ಮುನ್ನ ಆತನ ತಾಯಿಯನ್ನು, "ಅಮ್ಮಾ, ನಿಮಗೆ ನಿದ್ರೆ ಬರುತ್ತಿದೆಯೇ?" ಎಂದು ಕೇಳಲು ಮರೆಯದಿರಿ.