ದತ್ತು, ಪಟ್ಟ, ಬಿರುದು



‘ದತ್ತಿ’ಗೂ ‘ದತ್ತು’ವಿಗೂ ಬೇರು ಒಂದೇ: ಕೊಟ್ಟದ್ದು. ದತ್ತಿಯ ವೇದಿಕೆಯಲ್ಲಿ ನಿಂತು ದತ್ತುಮಕ್ಕಳ ಮಾತಾಡಲು ಇಷ್ಟು ನೆಪ ಸಾಕು. ಇನ್ನೊಂದು ನೆಪ ಊರೊಳಗೇ ಇದೆ. ದಾವಣಗೆರೆಯ ಎಷ್ಟೋ ಬಡಾವಣೆಗಳು ಇನಿಷಿಯಲ್‌ನಲ್ಲೇ ಬದುಕುತ್ತವೆ. ಪಿ.ಜೆ. ಬಡಾವಣೆಗೆ ಆಟೊ ಹತ್ತುವವರಲ್ಲಿ ಎಷ್ಟು ಮಂದಿ ಆ ಎರಡಕ್ಷರ ಬಿಡಿಸಿದ್ದಾರೋ! ಹಿರಿಯರು ಬಿಡಿಸುವುದು ‘ಪ್ರಿನ್ಸ್ ಜಯಚಾಮರಾಜ’ ಎಂದು. ಮಹಾರಾಜ ಅಲ್ಲ, ಪ್ರಿನ್ಸ್. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜರು ಪಟ್ಟದಲ್ಲಿದ್ದರು, ತಂದೆ ಕಂಠೀರವ ನರಸಿಂಹರಾಜರು ಯುವರಾಜರು. ಹುಡುಗನ ಪಾಲಿಗೆ ಆ ಇಂಗ್ಲಿಷ್ ಪದ. 1940ರ ಮಾರ್ಚ್ 11ರಂದು ತಂದೆ ತೀರಿಕೊಂಡರು, ಮಗ ಯುವರಾಜರಾದರು. ಆಗಸ್ಟ್ 3ರಂದು ಮಕ್ಕಳಿಲ್ಲದ ದೊಡ್ಡಪ್ಪನೂ ತೀರಿಕೊಂಡರು, ಜಯಚಾಮರಾಜರು ಮಹಾರಾಜರಾದರು. ಐದು ತಿಂಗಳೊಳಗೆ ಮೂರು ಹೆಸರು. ಬಡಾವಣೆ ಮಾತ್ರ ಇನ್ನೂ ಮೊದಲನೆಯದರಲ್ಲೇ ನಿಂತಿದೆ.

ಫ್ರಾನ್ಸಿನಲ್ಲೂ ಪಟ್ಟಕ್ಕೆ ಬರುವ ಮಗನಿಗೆ ಬೇರೆಯೇ ಹೆಸರಿತ್ತು: ‘ದೊಫಾಂ’. 1349ರಲ್ಲಿ ದೊಫಿನೆ ಎಂಬ ಸೀಮೆ ರಾಜಮನೆತನದ ಕೈಸೇರಿತು, ಅದರ ಜೊತೆಗೇ ಈ ಬಿರುದೂ ಬಂತು. ಪದದ ಅರ್ಥ ಡಾಲ್ಫಿನ್! ಸೀಮೆಯ ಹೆಸರನ್ನು ಬಿರುದಾಗಿ ಹೊರುವುದು ನಮಗೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ತಮ್ಮ ಜಯಸಿಂಹ ಯುವರಾಜನಾಗಿ, ನಮ್ಮ ಈ ಸೀಮೆ ಸೇರಿದ್ದ ನೊಳಂಬವಾಡಿ 32,000ವನ್ನು ಆಳಿದವನು. ನೊಳಂಬ ಎಂಬುದನ್ನು ಬಿರುದಿನಲ್ಲೇ ಹೊತ್ತವನು. ಕೊನೆಗೆ ಅಣ್ಣನ ಮೇಲೇ ತಿರುಗಿಬಿದ್ದ, ಅದು ಬೇರೆ ಮಾತು.

ಎರಡು ಕಡೆಯ ದಾರಿ ಕವಲೊಡೆಯುವುದು ಗಂಡುಸಂತಾನ ನಿಂತಾಗ. ಫ್ರೆಂಚರ ಕಟ್ಟಳೆಯಲ್ಲಿ ಹೆಣ್ಣಿಗೆ ಪಟ್ಟವಿಲ್ಲ, ಹೆಣ್ಣಿನ ಕಡೆಯವರಿಗೂ ಇಲ್ಲ, ದತ್ತಕ್ಕಂತೂ ಜಾಗವೇ ಇಲ್ಲ. ವಂಶವೃಕ್ಷ ಹಿಡಿದು ದೂರದ ದಾಯಾದಿಯನ್ನು ಹುಡುಕಬೇಕು. 1589ರಲ್ಲಿ ಪಟ್ಟಕ್ಕೆ ಬಂದ ನಾಲ್ಕನೆಯ ಹೆನ್ರಿಗೂ ಹಿಂದಿನ ರಾಜನಿಗೂ ಗಂಡುಸಾಲಿನ ನಂಟು ಸಿಗುವುದು 1270ರಲ್ಲಿ ಸತ್ತ ಒಂಬತ್ತನೆಯ ಲೂಯಿಯಲ್ಲಿ! ಹೀಗೆ ಹುಡುಕುತ್ತ ಹೋದರೆ ದಾಯಾದಿಗಳಿಗೆ ಬರವೆಲ್ಲಿ? 1883ರಲ್ಲಿ ಪಟ್ಟದ ಹಕ್ಕುದಾರ ಶಾಂಬೋರಿನ ಕೌಂಟ್ ಮಕ್ಕಳಿಲ್ಲದೆ ತೀರಿಕೊಂಡಾಗ ರಾಜಪಕ್ಷದವರೇ ಒಡೆದರು. ಇಂದೂ ಆಂಜೂ ಡ್ಯೂಕ್ ಲೂಯಿ ಅಲ್ಫೋನ್ಸ್ ಒಂದು ಕಡೆ, ಪ್ಯಾರಿಸ್ ಕೌಂಟ್ ಜಾನ್ ಇನ್ನೊಂದು ಕಡೆ, ನೆಪೋಲಿಯನ್ ಮನೆತನದವರು ಮೂರನೆಯ ಕಡೆ. ಇಲ್ಲದ ಆಸ್ತಿಗೆ ಮೂರು ಪಾಲು.

ಮೈಸೂರಿನದು ಇದರ ತಿರುವುಮುರುವು. ಆಸ್ತಿ ಇತ್ತು, ಮಗನಿರಲಿಲ್ಲ. ಮುಮ್ಮಡಿ ಕೃಷ್ಣರಾಜರ ಕೈಯಿಂದ ಆಡಳಿತವನ್ನು ಬ್ರಿಟಿಷರು 1831ರಲ್ಲೇ ಕಿತ್ತುಕೊಂಡಿದ್ದರು. ‘ಮಹಾರಾಜ’ ಎಂಬ ಬಿರುದು ಬಿಟ್ಟಿದ್ದರು, ಅಷ್ಟೆ. ಪಟ್ಟದ ಗಂಡುಮಗನಿಲ್ಲ, ದೊರೆ ಕಣ್ಣು ಮುಚ್ಚಿದರೆ ಸಂಸ್ಥಾನ ತಮ್ಮದೇ ಎಂದು ಕಲ್ಕತ್ತೆಯ ಸರ್ಕಾರ ಕಾದು ಕೂತಿತ್ತು. 1865ರ ಜೂನ್‌ನಲ್ಲಿ, ಎಪ್ಪತ್ತು ದಾಟಿದ ದೊರೆ ಬೆಟ್ಟದಕೋಟೆ ಮನೆತನದ ಎರಡು ವರ್ಷದ ಚಾಮರಾಜೇಂದ್ರನನ್ನು ದತ್ತು ತೆಗೆದುಕೊಂಡರು. ವೈಸ್‌ರಾಯ್ ಲಾರೆನ್ಸ್ ಒಪ್ಪಲಿಲ್ಲ. ಮಗ ಮಗನೇ, ಆದರೆ ಸಂಸ್ಥಾನಕ್ಕೆ ವಾರಸುದಾರನಲ್ಲ ಎಂಬ ಧಾಟಿ. ಲಂಡನ್ನಿನಲ್ಲಿ ವಾದ ನಡೆದು 1867ರಲ್ಲಿ ದತ್ತಕ್ಕೆ ಮನ್ನಣೆ ಸಿಕ್ಕಿತು. ಮರುವರ್ಷ ಮಾರ್ಚ್‌ನಲ್ಲಿ ಮುದುಕರು ತೀರಿಕೊಂಡರು, ಸೆಪ್ಟೆಂಬರಿನಲ್ಲಿ ಐದು ವರ್ಷದ ಕೂಸಿಗೆ ಪಟ್ಟವಾಯಿತು. 1881ರ ಮಾರ್ಚ್ 25ರಂದು ರಾಜ್ಯವೇ ಮರಳಿ ಬಂತು. ಯುದ್ಧ ಮಾಡಿ ಗೆದ್ದ ರಾಜರ ಕತೆ ನಮಗೆ ಬೇಕಾದಷ್ಟು ಗೊತ್ತು. ಅರ್ಜಿ ಬರೆಸಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಗೆದ್ದ ಈ ಮುದುಕರನ್ನು ನಾನು ಕಡಿಮೆಯವರೆಂದು ಎಣಿಸಲಾರೆ.



1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿ ರಾಜಧನವನ್ನೂ ರಾಜರಿಗಿದ್ದ ಸರ್ಕಾರಿ ಮನ್ನಣೆಯನ್ನೂ ತೆಗೆದುಹಾಕಿತು. ಮೈಸೂರಿನ ರಾಜಧನ ವರ್ಷಕ್ಕೆ 26 ಲಕ್ಷ ರೂಪಾಯಿ ಇತ್ತು. ಅಲ್ಲಿಗೆ ವಾರಸಿಕೆಯ ಗೊಡವೆಯೂ ಮುಗಿಯಬೇಕಿತ್ತು. ಮುಗಿಯಲಿಲ್ಲ. 2013ರ ಡಿಸೆಂಬರಿನಲ್ಲಿ ಜಯಚಾಮರಾಜರ ಮಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮಕ್ಕಳಿಲ್ಲದೆ ತೀರಿಕೊಂಡರು. 2015ರ ಫೆಬ್ರವರಿಯಲ್ಲಿ ಅವರ ಪತ್ನಿ ಪ್ರಮೋದಾದೇವಿಯವರು ಯದುವೀರರನ್ನು ದತ್ತು ತೆಗೆದುಕೊಂಡರು, ಮೇ 28ರಂದು ಪಟ್ಟಾಭಿಷೇಕ. ಯದುವೀರರು ಜಯಚಾಮರಾಜರ ಮಗಳ ಮಗಳ ಮಗ. ಪ್ಯಾರಿಸ್ಸಿನ ಲೆಕ್ಕದಲ್ಲಿ ಅವರು ಯಾರೂ ಅಲ್ಲ! ಇಲ್ಲಿ ಹೆಣ್ಣಿನ ಎಳೆ ಹಿಡಿದೇ ಒಬ್ಬ ವಿಧವೆ ನಿರ್ಧಾರ ಮಾಡಿದರು.  2024ರಲ್ಲಿ ಯದುವೀರರೇ ಮತ ಕೇಳಿ ಲೋಕಸಭೆಗೂ ಹೋದರು.

ಫ್ರೆಂಚ್ ಗಣರಾಜ್ಯ 1887ರಲ್ಲಿ ರಾಜರ ಒಡವೆಗಳಲ್ಲಿ ಬಹುಪಾಲನ್ನು ಹರಾಜು ಹಾಕಿತು; ಒಡವೆ ಇದ್ದರೆ ತೊಡುವವನೂ ಬಂದಾನು ಎಂಬ ಅಂಜಿಕೆ. ನಮ್ಮಲ್ಲಿ ನವರಾತ್ರಿಗೆ ಮುಂಚೆ ರತ್ನಸಿಂಹಾಸನದ ಬಿಡಿಭಾಗಗಳನ್ನು ಭದ್ರತಾ ಕೊಠಡಿಯಿಂದ ತಂದು ಜೋಡಿಸುತ್ತಾರೆ, ಖಾಸಗಿ ದರ್ಬಾರು ನಡೆಯುತ್ತದೆ, ಹಬ್ಬ ಕಳೆದ ಮೇಲೆ ಬಿಚ್ಚಿ ಮತ್ತೆ ಬೀಗ ಹಾಕುತ್ತಾರೆ.