ಕಿವಿಯ ನಷ್ಟಕ್ಕೂ ಪರಿಹಾರವುಂಟು: ವಿಳಂಬ ತಪ್ಪಿಸೋಣ

ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳ ಮಾನ್ಯ ಗ್ರಾಮ ಪಂಚಾಯಿತಿ ಸದಸ್ಯರೇ,

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ರಾಜ್ಯ ಸರ್ಕಾರದ ಸ್ವಾಮ್ಯದ ಚಿನ್ನದ ಗಣಿಯಿದೆ. ಭೂಗರ್ಭದಲ್ಲಿ ಬಂಡೆ ಕೊರೆಯುವ ಯಂತ್ರದ ಸದ್ದು ಕಾರ್ಮಿಕನ ಶ್ರವಣಶಕ್ತಿಯನ್ನು ವರ್ಷಗಳ ಕಾಲ ಮೆಲ್ಲಮೆಲ್ಲನೆ ಕುಗ್ಗಿಸಬಲ್ಲುದು. ಗಾಯ ಕಾಣದು, ನೆತ್ತರು ಹರಿಯದು. ಆದಕಾರಣ ವಯಸ್ಸಿನ ದೋಷವೆಂದು ಮನೆಯವರೂ ಸುಮ್ಮನಾಗುತ್ತಾರೆ. ವಿಳಂಬ ಆರಂಭವಾಗುವುದು ಅಲ್ಲಿಯೇ.

1923ರ ನೌಕರರ ಪರಿಹಾರ ಕಾಯ್ದೆಯು ಶಬ್ದಜನ್ಯ ಶ್ರವಣದೋಷವನ್ನು ವೃತ್ತಿಜನ್ಯ ರೋಗವೆಂದು ಪರಿಗಣಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ತನ್ನ ಪಟ್ಟಿಯಲ್ಲಿ ಉಳಿಸಿಕೊಂಡಿದೆ. ಹಕ್ಕು ಕೋರಲು ಸಾಮಾನ್ಯವಾಗಿ ಎರಡು ವರ್ಷಗಳ ಗಡುವಿದೆ. ಪ್ರಕರಣವು ಮೂರು ತಿಂಗಳೊಳಗೆ ಇತ್ಯರ್ಥವಾಗಬೇಕೆಂಬುದು 1923ರ ಕಾಯ್ದೆಗೆ ತರುವಾಯ ಸೇರಿದ ನಿಯಮ. ಆದರೆ ದಾಖಲೆಗಳು ಅಪೂರ್ಣವಾಗಿದ್ದರೆ ವಿಚಾರಣೆ ಮುಂದೂಡುತ್ತಲೇ ಹೋಗುತ್ತದೆ.

ಆದ್ದರಿಂದ ತಾವು ತಮ್ಮ ಗ್ರಾಮದ ಹಾಲಿ ಹಾಗೂ ನಿವೃತ್ತ ಗಣಿ ಕಾರ್ಮಿಕರನ್ನು ಗುರುತಿಸಿರಿ. ಸೇವಾ ಪ್ರಮಾಣಪತ್ರ, ವೇತನ ಚೀಟಿ, ಕಿವಿ ತಜ್ಞರು ನೀಡಿದ ಶ್ರವಣ ಪರೀಕ್ಷಾ ವರದಿ, ಇವಿಷ್ಟನ್ನು ಮೊದಲೇ ಒಗ್ಗೂಡಿಸಲು ನೆರವಾಗಿರಿ. ಅರ್ಜಿ ಸಲ್ಲಿಸಿದ ದಿನವೇ ಸ್ವೀಕೃತಿ ಪಡೆಯುವಂತೆ ತಿಳಿಸಿರಿ. ಕಚೇರಿಯಲ್ಲಿ ಕೂಗಿದ ತನ್ನ ಹೆಸರೇ ಕೇಳಿಸದವನ ಪಕ್ಕದಲ್ಲಿ ಒಬ್ಬ ಸದಸ್ಯರು ನಿಂತಿದ್ದರೆ ಅದೇ ದೊಡ್ಡ ಸಹಾಯ.